ಪಾಪೆಯ ಅಳತೆ

ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಕೂತಿದ್ದ ಮನುಷ್ಯನ ಎಡಗಣ್ಣು ತಾನೇ ಬರೆದದ್ದು ಎಂದು ಮೂರನೆಯ ನಿಲ್ದಾಣ ದಾಟುವಾಗ ಅವನಿಗೆ ಗೊತ್ತಾಯಿತು. ಮೊದಲು ಗುರುತು ಹತ್ತಿದ್ದು ಕಣ್ಣಿನ ಬಣ್ಣವಲ್ಲ, ಬಿಳಿಯ ಮೂಲೆಯಲ್ಲಿ ರಕ್ತನಾಳದ ಹಾಗೆ ಕೂರಿಸಿದ್ದ ಕೆಂಪು ರೇಷ್ಮೆ ಎಳೆ. ಅದನ್ನು ಎರಡು ಕವಲಾಗಿ ಸೀಳಿ ಅಂಟಿಸುವುದು ಅವನ ಕೈಯ ಅಭ್ಯಾಸ. ಆ ಮನುಷ್ಯ ಕಿಟಕಿಯಾಚೆ ನೋಡುತ್ತಿದ್ದ. ಅಂದರೆ ಬಲಗಣ್ಣು ನೋಡುತ್ತಿತ್ತು, ಎಡಗಣ್ಣು ಸುಮ್ಮನೆ ಜೊತೆಗೆ ಹೋಗಿ ಬರುತ್ತಿತ್ತು. ನಾಲ್ಕು ವರ್ಷದ ಹಿಂದೆ ಇಬ್ಬರೂ ಮೂರು ದಿನ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದರು. ಆತ ಮರಗೆಲಸದವ, ಉಳಿಯ ಏಟಿಗೆ ಚಕ್ಕೆ ಹಾರಿ ಕಣ್ಣು ಹೋದದ್ದು, ಹೆಂಡತಿಯ ಗೊರಕೆ, ತಮ್ಮನ ಜೊತೆ ಮಾತು ಬಿಟ್ಟದ್ದು, ಎಲ್ಲ ಹೇಳಿಕೊಂಡಿದ್ದ. ಈಗ ಆತನ ನೋಟ ಒಮ್ಮೆ ಇವನ ಮುಖದ ಮೇಲೆ ಬಿತ್ತು, ಸೀಟಿನ ಹಿಂಭಾಗದ ಮೇಲೆ ಬೀಳುವಂತೆ ಬಿದ್ದು ಮುಂದೆ ಹೋಯಿತು. ನಮಸ್ಕಾರಕ್ಕೆಂದು ಎತ್ತಿದ್ದ ಕೈಯನ್ನು ಅವನು ತಲೆ ಕೆರೆದುಕೊಳ್ಳಲು ಬಳಸಿಕೊಂಡ. ಈ ಕಸುಬಿನಲ್ಲಿ ಯಾರಿಗೂ ಗೊತ್ತಾಗದಿದ್ದರೆ ಕೆಲಸ ಚೆನ್ನಾಗಿದೆ ಎಂದು ಅರ್ಥ, ಹೆಸರು ಕೇಳಿಬಂತು ಎಂದರೆ ಕೆಲಸ ಕೆಟ್ಟಿತು ಎಂದೇ ಅರ್ಥ. ಮೂವತ್ತೈದು ವರ್ಷದಿಂದ ಹೀಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬಂದಿದ್ದ. ಇವತ್ತು ಯಾಕೋ ಆ ಮಾತು ಒಳಗೆ ಇಳಿಯಲಿಲ್ಲ.

ಇಳಿಯದಿರಲು ಕಾರಣ ಅಕ್ಕ. ನಿನ್ನೆ ಸಂಜೆ ಫೋನ್ ಮಾಡಿ, "ನಾಳೆ ಬರ್ತೀನಿ ಕಣೋ. ಆಸ್ಪತ್ರೆಗೇ ಬರ್ತೀನಿ, ಕಣ್ಣಿನ ವಿಷಯ" ಎಂದಷ್ಟೇ ಹೇಳಿ ಇಟ್ಟಿದ್ದಳು. ಅಕ್ಕ ಟೆಲಿಫೋನ್ ಕಚೇರಿಯ ವಿಚಾರಣೆ ವಿಭಾಗದಲ್ಲಿ ಮೂವತ್ತಾರು ವರ್ಷ ಕೂತು ಊರಿನವರ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವಳು. ಆರು ತಿಂಗಳ ಹಿಂದೆ ನಿವೃತ್ತಳಾದರೂ ಫೋನಿನಲ್ಲಿ ಬೇಕಾದಷ್ಟೇ ಮಾತಾಡುವ ರೂಢಿ ಬಿಟ್ಟಿರಲಿಲ್ಲ. ಆ ಕೆಲಸವನ್ನು ಅವಳು ಯಾಕೆ ಆರಿಸಿಕೊಂಡಳು ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅವನಿಗೆ ಮಾತ್ರ ಗೊತ್ತಿತ್ತು: ಅಲ್ಲಿ ಮುಖ ಬೇಕಾಗಿರಲಿಲ್ಲ, ದನಿ ಸಾಕಾಗಿತ್ತು. ಏಳೆಂಟು ವರ್ಷಕ್ಕೊಮ್ಮೆ ಬಂದು ಹಳೆಯ ಕಣ್ಣು ಕೊಟ್ಟು ಹೊಸದು ಹಾಕಿಸಿಕೊಂಡು ಹೋಗುತ್ತಿದ್ದಳು. ಅವಳ ಬಲಗಣ್ಣನ್ನು ಅವನು ಈವರೆಗೆ ಐದು ಸಲ ಬರೆದಿದ್ದ. ಸರದಿ ಬರುವ ಮೊದಲೇ ಅವಳು ಬಂದದ್ದಿಲ್ಲ, ಯಾವತ್ತೂ 'ಕಣ್ಣಿನ ವಿಷಯ' ಎಂಬ ಮಾತನ್ನೇ ಆಡಿದ್ದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವನು ಫೋನ್ ಇಟ್ಟವನೇ ಹೋಗಿ ಕೈ ತೊಳೆದುಕೊಂಡಿದ್ದ. ಆಮೇಲೆ ಯಾಕೆ ತೊಳೆದುಕೊಂಡೆ ಎಂದು ತನ್ನ ಒಂಟಿ ಕೋಣೆಯಲ್ಲಿ ನಿಂತು ಯೋಚಿಸಿದ್ದ. ಆ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಗೋಡೆಯ ಮೇಲೆ ಮೊಳೆ ಇದೆ. ಮೊಳೆಗೆ ಯಾವ ಚಿತ್ರವನ್ನೂ ಅವನು ತೂಗುಹಾಕಿದವನಲ್ಲ.

ಆಸ್ಪತ್ರೆಯ ಎರಡನೆಯ ಮಹಡಿಯ ಕೊನೆಯಲ್ಲಿ, ಉತ್ತರಕ್ಕೆ ದೊಡ್ಡ ಕಿಟಕಿ ಇರುವ ಕೋಣೆ ಅವನದು. ಬಾಗಿಲ ಮೇಲೆ ಅವನ ಹೆಸರಿಲ್ಲ, ಕೋಣೆಯ ನಂಬರು ಮಾತ್ರ ಇದೆ. ಹೊಸ ರೋಗಿಗಳು ಅವನನ್ನು ಡಾಕ್ಟರೇ ಎಂದು ಕರೆದರೆ ಅಕ್ಕಪಕ್ಕದ ಯಾರಾದರೂ ತಕ್ಷಣ "ಅವರು ಡಾಕ್ಟರ್ ಅಲ್ಲ, ಪೇಂಟರ್" ಎಂದು ತಿದ್ದುತ್ತಾರೆ. ತಿದ್ದುವವರ ಮುಖದಲ್ಲಿ ಒಂದು ಉಪಕಾರ ಮಾಡಿದ ತೃಪ್ತಿ ಇರುತ್ತದೆ. ಜನ ಅಂದುಕೊಂಡ ಹಾಗೆ ಅವನು ಮಾಡುವುದು ಗೋಲಿಯಂಥ ಕಣ್ಣಲ್ಲ, ರೆಪ್ಪೆಯ ಒಳಗೆ ಕೂರುವ ತೆಳ್ಳನೆಯ ಚಿಪ್ಪು. ಅದರ ನಡುವಿಗೆ ಬೆರಳುಗುರಿಗಿಂತ ಚಿಕ್ಕ ಬಿಲ್ಲೆ. ಆ ಬಿಲ್ಲೆಯ ಮೇಲೆ, ರೋಗಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿಕೊಂಡು, ಉಳಿದಿರುವ ಕಣ್ಣನ್ನೇ ನೋಡುತ್ತ ಬಣ್ಣದ ಮೇಲೆ ಬಣ್ಣ ಏರಿಸಬೇಕು. ಕಂದು ಎಂದರೆ ಬರಿಯ ಕಂದಲ್ಲ, ಅದರಲ್ಲಿ ಹಳದಿ, ಹಸಿರು, ಒಣಗಿದ ಮಣ್ಣು ಎಲ್ಲ ಇರುತ್ತದೆ. ಎಲ್ಲ ಮುಗಿದ ಮೇಲೆ ಕೊನೆಗೆ ಪಾಪೆ, ನಡುವಿನ ಕರಿ ಚುಕ್ಕೆ. ಜೀವಂತ ಪಾಪೆ ಬಿಸಿಲಿಗೆ ಕುಗ್ಗುತ್ತದೆ, ನೆರಳಿಗೆ ಹಿಗ್ಗುತ್ತದೆ. ಬರೆದ ಪಾಪೆ ಬರೆದಷ್ಟೇ. ಅದಕ್ಕೇ ಅದರ ಅಳತೆ ತಪ್ಪಬಾರದು. ಅವನಿಗೆ ಕಸುಬು ಕಲಿಸಿದ ಹಿರಿಯ ಪೇಂಟರು ಮೊದಲ ದಿನವೇ ಹೇಳಿದ್ದರು: "ಬಂದ ತಕ್ಷಣ ಪಾಪೆ ಅಳೀಬೇಡಪ್ಪ. ಹೆದರಿದವನ ಪಾಪೆ ಅಗಲ ಆಗಿರತ್ತೆ. ಮನೆ ಸುದ್ದಿ ಕೇಳು, ಹರಟೆ ಹೊಡಿ. ಅವನು ತನ್ನ ನೆಂಟರನ್ನ ಬೈಯೋಕೆ ಶುರು ಮಾಡಿದಾಗ ಸ್ಕೇಲು ತೆಗಿ." ಆ ಮಾತನ್ನು ಅವನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದ. ಅದರಿಂದಾಗಿ ಊರಿನ ಅರ್ಧಕ್ಕರ್ಧ ಜನರ ದಾಯಾದಿಗಳ ವಿಷಯ ಅವನಿಗೆ ಗೊತ್ತಿತ್ತು, ಅವನ ವಿಷಯ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಸಂಗತಿಗೂ ಅವನು ಆಸ್ಪತ್ರೆಯಲ್ಲಿ ಹೆಸರಾಗಿದ್ದ. ಎಷ್ಟೇ ಚಡಪಡಿಸುವ ರೋಗಿಯಾದರೂ ಅವನು 'ಅಲ್ಲಾಡಬೇಡಿ' ಎನ್ನುತ್ತಿರಲಿಲ್ಲ. ಮಕ್ಕಳು ಕುರ್ಚಿಯ ಮೇಲೆ ಕುಣಿದರೂ ಕುಂಚ ಹಿಡಿದು ಕಾಯುತ್ತಿದ್ದ. ಮಕ್ಕಳ ವಾರ್ಡಿನ ಗೋಡೆಗೆ ಚಿತ್ರ ಬರೆದುಕೊಡಿ, ನಗುವ ಮಕ್ಕಳ ಮುಖ ಇರಲಿ ಎಂದು ದೊಡ್ಡ ಡಾಕ್ಟರು ಕೇಳಿದಾಗ ಮಾತ್ರ ಅವನು ಎರಡು ವಾರ ರಜೆ ಹಾಕುವಷ್ಟು ಗಾಬರಿಯಾಗಿದ್ದ. ಕೊನೆಗೆ ಗೋಡೆಯ ತುಂಬ ಮೀನು ಬರೆದಿದ್ದ. ಮೀನಾದರೆ ಒಂದು ಮಗ್ಗುಲಿಗೆ ಒಂದೇ ಕಣ್ಣು, ಮುಖ ಎಂಬುದೇ ಇಲ್ಲ. ಎಲ್ಲ ಮೀನಿನ ಕಣ್ಣೂ ಮನುಷ್ಯನ ಕಣ್ಣಿನ ಹಾಗಿದೆ, ಮಕ್ಕಳು ಹೆದರುತ್ತವೆ ಎಂದು ಮೇಲ್ವಿಚಾರಕಿ ದೂರು ಕೊಟ್ಟಳು. ಅವನು ಕೆಳಗಿನ ಸಾಲಿನ ಮೀನುಗಳಿಗೆ ಕಣ್ಣು ಮುಚ್ಚಿಸಿ ಬಂದ. ಮೀನಿಗೆ ರೆಪ್ಪೆ ಇರುವುದಿಲ್ಲವೆಂದು ಆಮೇಲೆ ಒಬ್ಬ ರೋಗಿ ಹೇಳಿದ.

ಅಕ್ಕ ಹನ್ನೊಂದು ಗಂಟೆಗೆ ಬಂದಳು. ಬಣ್ಣದ ಕನ್ನಡಕ ತೆಗೆದು ಚೀಲದಲ್ಲಿಟ್ಟು, ಯಾವಾಗಿನಂತೆ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಯನ್ನು ಕುರ್ಚಿಯ ತೋಳಿನ ಮೇಲಿಟ್ಟು ಕೂತಳು. ಅಕ್ಕನ ಹಾಗೆ ಕೂರುವವರು ಇನ್ನೊಬ್ಬರಿಲ್ಲ ಎಂದು ಅವನು ತನ್ನ ಜೊತೆ ಕೆಲಸ ಮಾಡುವ ಸಿಸ್ಟರ್ ಹತ್ತಿರ ಎಷ್ಟೋ ಸಲ ಹೇಳಿದ್ದ. ರೆಪ್ಪೆ ಬಡಿಯುವುದೂ ಲೆಕ್ಕ ಇಟ್ಟ ಹಾಗೆ. ಚೀಲದಿಂದ ಅವಳು ಮೂರು ಚಿಕ್ಕ ಫೋಟೋ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. "ಪಿಂಚಣಿ ಕಚೇರಿಗೆ ಫೋಟೋ ಕೊಡಬೇಕು. ಮೂರು ಸಲ ವಾಪಸ್ ಕಳಿಸಿದ್ರು. ಮೂರನೇ ಸಲ ಆ ಗುಮಾಸ್ತ ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿದ. ನನ್ನ ಮುಖ ಇಷ್ಟು ದೊಡ್ಡದು, ಸೂಟ್‌ಕೇಸಿನಷ್ಟು. 'ನೋಡೀಮ್ಮ, ಒಂದು ಚುಕ್ಕೆ ದೊಡ್ಡದು, ಒಂದು ಚಿಕ್ಕದು. ಎರಡೂ ಕಣ್ಣು ಒಂದೇ ಥರ ಬಿಡಿ' ಅಂದ. ಹಿಂದೆ ಕ್ಯೂ. ಎಲ್ಲ ಕತ್ತು ಚಾಚಿ ನೋಡಿದ್ರು." ಅಕ್ಕ ಇದನ್ನು ನಗುತ್ತಲೇ ಹೇಳಿದಳು. "ನಾನೂ ಪ್ರಯತ್ನ ಪಟ್ಟೆ ಕಣೋ, ಒಂದೇ ಥರ ಬಿಡೋಕೆ. ಮನೇಲಿ ಕನ್ನಡಿ ಮುಂದೆ ನಿಂತು ನೋಡಿದೆ. ಅವನು ಹೇಳಿದ್ದು ನಿಜ. ನೀನು ಮಾಡಿದ್ದು ಯಾವಾಗ್ಲೂ ದೊಡ್ಡದೇ. ಮೊದ್ಲಿಂದ ಹಾಗೇ ಇತ್ತು, ಇದು ಇರೋದೇ ಹೀಗೆ ಅಂದ್ಕೊಂಡು ಸುಮ್ಮನಿದ್ದೆ."

ಅವನಿಗೆ ಮೊದಲು ಬಂದದ್ದು ಕೋಪ. ಗುಮಾಸ್ತನ ಮೇಲೆ, ಫೋಟೋ ತೆಗೆದವನ ಮೇಲೆ, ಕೊನೆಗೆ ಅಕ್ಕನ ನಗುವಿನ ಮೇಲೂ. ಮೂವತ್ತೈದು ವರ್ಷದಲ್ಲಿ ಅವನ ಅಳತೆಯನ್ನು ತಪ್ಪು ಎಂದವರಿಲ್ಲ. ಅಳತೆ ಒಂದನ್ನು ಬಿಟ್ಟರೆ ತನ್ನದು ಅಂತ ಹೇಳಿಕೊಳ್ಳಲು ಅವನಿಗೆ ಬೇರೆ ಏನಿತ್ತು? ಬೀರುವಿನಿಂದ ಅಕ್ಕನ ಐದು ಕಾರ್ಡುಗಳನ್ನೂ ತೆಗೆದ. ಮೊದಲನೆಯದರಲ್ಲಿ ಇಪ್ಪತ್ತೆರಡು ವರ್ಷದವನ ದುಂಡು ಅಕ್ಷರ, ಕೊನೆಯದರಲ್ಲಿ ಈಗಿನ ಸೊಟ್ಟ ಅಕ್ಷರ, ಐದರಲ್ಲೂ ಒಂದೇ ಸಾಲು: ಪಾಪೆ, ಐದು ಮಿಲಿಮೀಟರ್. "ನೋಡು. ಐದು ಸಲವೂ ಐದು. ಈಗ್ಲೂ ಅಳೀತೀನಿ, ನೋಡ್ತಿರು." ಮುಂದೆ ಬಾಗಿ ಅಕ್ಕನ ಎಡಗಣ್ಣಿನ ಹತ್ತಿರ ಸ್ಕೇಲು ಹಿಡಿದ. ಐದು. ಒಂದು ಕೂದಲಿನಷ್ಟೂ ಹೆಚ್ಚುಕಮ್ಮಿಯಿಲ್ಲ. "ನನ್ನ ಅಳತೆ ತಪ್ಪಿಲ್ಲ" ಎಂದ. ಹೇಳಿದ ದನಿ ಗೆದ್ದವನ ದನಿಯಂತಿತ್ತು, ಅದು ಅವನಿಗೇ ಕೇಳಿಸಿತು.

"ಹಾಗಾದ್ರೆ ನನ್ನದೇ ಏನೋ ತಪ್ಪಿರಬೇಕು ಬಿಡು" ಎಂದಳು ಅಕ್ಕ.

ಇದೇ ಮಾತು. ಇದೇ ದನಿ. ನಲವತ್ತೇಳು ವರ್ಷದ ಹಿಂದೆ ಹಿತ್ತಲ ಮೆಟ್ಟಿಲ ಮೇಲೆ, ಬೆರಳ ಸಂದಿಯಿಂದ ಏನೋ ಇಳಿಯುತ್ತಿರುವಾಗ, ಓಡಿ ಬಂದ ಅಮ್ಮನಿಗೆ ಅವಳು ಹೇಳಿದ್ದೂ ಇದನ್ನೇ: ನನ್ನದೇ ತಪ್ಪಮ್ಮ, ಕೈಯಲ್ಲಿ ಕೈವಾರ ಇತ್ತು, ಎಡವಿದೆ. ಅವನಿಗಾಗ ಹತ್ತು, ಅವಳಿಗೆ ಹದಿಮೂರು. ಅಂದು ಅವನು ಅಕ್ಕನ ಚಿತ್ರ ಬರೆಯುತ್ತಿದ್ದ. ಆ ವಯಸ್ಸಿನಲ್ಲಿ ಸಿಕ್ಕಸಿಕ್ಕವರ ಮುಖವನ್ನೆಲ್ಲ ಬರೆಯುವ ಹುಚ್ಚು, ದೊಡ್ಡವನಾದ ಮೇಲೆ ಚಿತ್ರಗಾರ ಆಗುತ್ತೇನೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಮುಖ ದುಂಡಗೆ ಬರಲಿ ಎಂದು ಶಾಲೆಯ ಜಾಮಿಟ್ರಿ ಪೆಟ್ಟಿಗೆಯ ಕೈವಾರದಿಂದ ವೃತ್ತ ಎಳೆದು, ಅದರೊಳಗೆ ಕಣ್ಣು ಮೂಗು ಕೂರಿಸಿ, ಅಲ್ಲಾಡ್ಬೇಡ, ಅಲ್ಲಾಡ್ಬೇಡ ಅಂದ್ನಲ್ಲ ಎಂದು ಅರ್ಧ ಗಂಟೆ ಅವಳನ್ನು ಗೋಳು ಹೊಯ್ದುಕೊಂಡಿದ್ದ. ಆಮೇಲೆ ಅವಳು ಎದ್ದು ಬಂದು ಹಾಳೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದು ನಾನಾ? ಗೋಡೆ ಗಡಿಯಾರಕ್ಕೆ ಕೂದಲು ಬಂದ ಹಾಗಿದೆ!" ಅವನ ಕೈಯಲ್ಲಿ ಕೈವಾರ ಇತ್ತು, ಆಮೇಲೆ ಇರಲಿಲ್ಲ. ಅಷ್ಟೇ ಅವನಿಗೆ ನೆನಪಿರುವುದು. ಗುರಿಯಿಟ್ಟು ಎಸೆದೆನೋ, ಸುಮ್ಮನೆ ಎಸೆದೆನೋ, ಎಸೆದಾಗ ನನ್ನ ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ಎಷ್ಟು ಕೆದಕಿದರೂ ಸಿಗಲಿಲ್ಲ. ಗುರಿಯಿಟ್ಟಿರಲಿಲ್ಲ ಎಂದು ಕೆಲವು ವರ್ಷ ನಂಬಿದ, ಗುರಿಯಿಟ್ಟಿದ್ದೆ ಎಂದು ಉಳಿದ ವರ್ಷ ನಂಬಿದ. ಎಲ್ಲರೂ ಆಸ್ಪತ್ರೆಗೆ ಓಡಿದ ಮೇಲೆ ಆ ಹಾಳೆಯನ್ನು ಒಲೆಗೆ ಹಾಕಿ, ಬೂದಿಯನ್ನೂ ಕೆದಕಿದ. ಮುಂದೆ ಅಮ್ಮ ಸಾಯುವವರೆಗೂ ಅಕ್ಕನನ್ನು ಬೈದಳು. ನೋಡಿಕೊಂಡು ನಡೆಯಬಾರದಿತ್ತಾ, ಕಾಲಿಗೇನಾಗಿತ್ತು ನಿನಗೆ, ಕೈಯಾರೆ ಬಾಳು ಹಾಳು ಮಾಡಿಕೊಂಡೆ. ಅವನು ಅಲ್ಲೇ ಪಕ್ಕದಲ್ಲಿ ತಟ್ಟೆಗೆ ತಲೆ ಬಗ್ಗಿಸಿ ಉಣ್ಣುತ್ತಿದ್ದ. ಬಾಯಿ ಬಿಟ್ಟರೆ ಎರಡೇ ಮಾತು. ತುತ್ತಿನ ಜೊತೆ ಆ ಎರಡು ಮಾತನ್ನೂ ದಿನಾ ನುಂಗಿದ. ಅಕ್ಕನಿಗೆ ಮೊದಲ ಕಣ್ಣು ಹಾಕಿಸಲು ಹೋದಾಗ ಹಿರಿಯ ಪೇಂಟರ ಕೈಯನ್ನೇ ನೋಡುತ್ತ ನಿಂತವನು ಹದಿನೇಳು ತುಂಬಿದ ಕೂಡಲೇ ಹೋಗಿ ಅವರ ಶಿಷ್ಯನಾದ. ಅಂದಿನಿಂದ ಸಾವಿರಾರು ಕಣ್ಣು ಬರೆದಿದ್ದಾನೆ, ಒಂದೊಂದೇ. ಮುಖ ಮಾತ್ರ ಆ ಹಾಳೆಯೇ ಕೊನೆ.

ಈಗ ಅವನು ಸ್ಕೇಲು ಕೆಳಗಿಟ್ಟ. ಕುಂಚ ತೊಳೆದು ತರುತ್ತೇನೆ ಎಂದು ನೆಪ ಹೇಳಿ ಹೊರಗೆ ಹೋದ, ತೊಳೆದ ಕುಂಚವನ್ನೇ ಮತ್ತೆ ತೊಳೆದ. ತಿರುಗಿ ಬಂದಾಗ ಸಿಸ್ಟರ್ ಅಕ್ಕನ ಎದುರು ಅವನ ಸ್ಟೂಲಿನ ಮೇಲೆ ಕೂತು ಹೊಸ ಫಾರಂ ತುಂಬುತ್ತಿದ್ದಳು. ಇಬ್ಬರೂ ಯಾವುದೋ ಸೊಸೆಯ ಸುದ್ದಿ ಮಾತಾಡುತ್ತಿದ್ದರು. ಅವನು ಫಾರಮಿನ ಮೇಲೆ ಕಣ್ಣಾಡಿಸಿದ. "ಇದೇನು ಸಿಸ್ಟರ್, ಪಾಪೆ ಮೂರೂವರೆ ಅಂತ ಬರೆದಿದ್ದೀರಿ?"

"ಮೂರೂವರೆ ಇದೆ, ಮೂರೂವರೆ ಬರ್ದೆ."

"ಐದಿದೆ. ಈಗಷ್ಟೇ ನಾನು ಅಳೆದದ್ದು."

"ಪೇಂಟರ್ ಸಾರ್, ಹದಿನೈದು ವರ್ಷದಿಂದ ನಿಮ್ಮ ಜೊತೆಗೇ ಅಳೀತಿದ್ದೀನಿ. ಸ್ಕೇಲು ಓದೋಕೆ ಬರಲ್ವಾ ನನಗೆ?" ಎಂದು ಸಿಸ್ಟರ್ ಮುಖ ಗಂಟಿಕ್ಕಿ ಮತ್ತೆ ಸ್ಕೇಲು ಹಿಡಿದಳು. "ಬನ್ನಿ, ನೀವೇ ನೋಡಿ." ಅವನು ಅವಳ ಭುಜದ ಮೇಲಿಂದ ಬಾಗಿ ನೋಡಿದ. ಅಕ್ಕ ಸೊಸೆಯ ಸುದ್ದಿಯ ಉಳಿದ ಭಾಗವನ್ನು ಹೇಳುತ್ತಲೇ ಇದ್ದಳು, ಕತ್ತು ಕೊಂಕಿಸುತ್ತಿದ್ದಳು, ಕೈ ಬೀಸುತ್ತಿದ್ದಳು. ಅದೇ ಕಿಟಕಿ, ಅದೇ ಬೆಳಕು. ಮೂರೂವರೆ. ಸಿಸ್ಟರ್ ಗೆದ್ದ ಖುಷಿಗೆ ಪೆನ್ನಿನ ಮುಚ್ಚಳ ಟಪ್ಪೆಂದು ಹಾಕಿ ಹೊರಟುಹೋದಳು.

ಅವನು ಸ್ಟೂಲಿನ ಮೇಲೆ ಕೂತ. ಅಕ್ಕನ ಮಾತು ನಿಂತಿತು; ನಿಂತದ್ದು ಸಹಜವಾಗಿಯೇ ಇತ್ತು, ಕೇಳುವವಳು ಹೋದಳಲ್ಲ. ಅವಳ ಕೈಗಳು ಕುರ್ಚಿಯ ತೋಳಿನ ಮೇಲೆ ತಮ್ಮ ಜಾಗಕ್ಕೆ ಮರಳಿದವು. ಅವನು ಕುಂಚ ಎತ್ತಿಕೊಂಡ. ಆಗ ಅವನ ಕಣ್ಣೆದುರೇ, ಒಂದು ಗೇಣು ದೂರದಲ್ಲಿ, ಅಕ್ಕನ ಪಾಪೆ ಅಗಲವಾಯಿತು. ಯಾರೋ ಒಳಗಿನಿಂದ ಬಾಗಿಲು ತೆರೆದ ಹಾಗೆ ಕಂದು ಬಣ್ಣ ಸುತ್ತಲೂ ಸರಿದು ಕಪ್ಪಿಗೆ ಜಾಗ ಮಾಡಿಕೊಟ್ಟಿತು. ಕುಂಚ ಕೆಳಗಿಟ್ಟ. ನಾಲ್ಕೈದು ಉಸಿರು ಕಳೆದ ಮೇಲೆ ಮೆಲ್ಲಗೆ ಕುಗ್ಗಿತು. ಮತ್ತೆ ಎತ್ತಿದ, ಮತ್ತೆ ಅಗಲವಾಯಿತು. ಮೂರನೆಯ ಸಲ ಎತ್ತುವ ಧೈರ್ಯ ಅವನಿಗೆ ಬರಲಿಲ್ಲ. ಬಂದವರು ನೆಂಟರನ್ನು ಬೈಯುವವರೆಗೆ ಕಾಯಬೇಕೆಂಬ ನಿಯಮವನ್ನು ಅವನು ಊರವರಿಗೆಲ್ಲ ಪಾಲಿಸಿದ್ದ, ಅಕ್ಕನೊಬ್ಬಳನ್ನು ಬಿಟ್ಟು. ಅಕ್ಕನಿಗೆ ತನ್ನ ಹತ್ತಿರ ಯಾವ ಹೆದರಿಕೆ ಎಂದು ಬಂದ ತಕ್ಷಣ ಸ್ಕೇಲು ಹಿಡಿದಿದ್ದ. ಐದು ಸಲವೂ ಹೆದರಿದ ಕಣ್ಣನ್ನು ಅಳೆದು, ಹೆದರಿದ ಕಣ್ಣನ್ನೇ ಬರೆದು, ಅದನ್ನು ಅವಳ ಮುಖದಲ್ಲಿ ಕೂರಿಸಿ ಕಳಿಸಿದ್ದ. ಅವಳು ಅದನ್ನು ಹಾಕಿಕೊಂಡೇ ಉಂಡಿದ್ದಾಳೆ, ನಕ್ಕಿದ್ದಾಳೆ, ಭಾವ ತೀರಿಕೊಂಡಾಗ ಅತ್ತಿದ್ದಾಳೆ. ಅವಳು ಅಲ್ಲಾಡದೆ ಕೂರುವುದನ್ನು ಅವನು ಸಿಸ್ಟರ್ ಹತ್ತಿರ ಹೊಗಳುತ್ತಿದ್ದ.

"ಅಕ್ಕಾ, ನಾನು ಕುಂಚ ಎತ್ತಿದ್ರೆ ನಿನಗೆ ಭಯ ಆಗತ್ತಾ?"

"ಭಯವಾ? ನಿನ್ನ ಭಯವಾ?" ಅಕ್ಕ ನಕ್ಕಳು. "ಮೂಗು ಒರೆಸಿ ಬೆಳೆಸಿದ್ದೀನಿ, ನಿನಗೆ ಹೆದರ್ತೀನಾ?"

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಗೊತ್ತಿರಲಿಲ್ಲ, ಕಣ್ಣಿಗೆ ಗೊತ್ತಿತ್ತು. ಅವನು ಅವಳ ಕೈಗೆ ಚಿಕ್ಕ ಕನ್ನಡಿ ಕೊಟ್ಟು, ನೋಡುತ್ತಿರು ಎಂದು ಹೇಳಿ ಕುಂಚ ಎತ್ತಿದ. ಅಕ್ಕ ನೋಡಿದಳು. ಕನ್ನಡಿ ಅವಳ ಕೈಯಲ್ಲಿ ಹಾಗೇ ಉಳಿಯಿತು. "ಅಯ್ಯೋ" ಎಂದಳು ಕೊನೆಗೆ, ಬೇರೆ ಯಾರ ಬಗ್ಗೆಯೋ ಮರುಗುವವಳ ಹಾಗೆ. "ನನಗೇ ಗೊತ್ತಿಲ್ವಲ್ಲೋ ಇದು."

"ನಾನೇ ಎಸೆದದ್ದು" ಎಂದ ಅವನು. ಐವತ್ತೇಳು ವರ್ಷದ ಗಂಡಸಿನ ದನಿ ಹತ್ತು ವರ್ಷದವನ ದನಿಯಷ್ಟು ಸಣ್ಣಗಾಗಿತ್ತು. "ಕೈವಾರ. ನೀನು ಎಡವಲಿಲ್ಲ. ನೀನು ನಕ್ಕೆ, ನಾನು ಎಸೆದೆ."

"ನನ್ನ ಕಣ್ಣಿಗೇ ಬಿದ್ದದ್ದಲ್ವೇನೋ? ಯಾರು ಎಸೆದದ್ದು ಅಂತ ನನಗೆ ಗೊತ್ತಾಗಲ್ವಾ?" ಅಕ್ಕ ಕನ್ನಡಿಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು. "ಅಮ್ಮ ನಿನ್ನ ಚರ್ಮ ಸುಲೀತಾಳೆ ಅಂತ ಹಾಗಂದೆ. ಒಂದು ವಾರಕ್ಕೆ ಅಂತ ಹೇಳಿದ ಸುಳ್ಳು. ನೀನು ಒಂದು ವಾರ ಬಿಟ್ಟು ಹೇಳ್ತೀಯ ಅಂದ್ಕೊಂಡಿದ್ದೆ. ಆಮೇಲೆ ಪರೀಕ್ಷೆ ಮುಗೀಲಿ, ಹೇಳ್ತಾನೆ ಅಂದ್ಕೊಂಡೆ. ಅಮ್ಮ ಹಾಸಿಗೆ ಹಿಡಿದಾಗ್ಲೂ ಅಂದ್ಕೊಂಡೆ, ಈಗ ಹೇಳ್ತಾನೆ, ಒಂದು ಸಲ ಆದ್ರೂ ಅಮ್ಮ ನನಗೆ ಬೈದದ್ದು ತಪ್ಪು ಅಂತ ಆಗ್ಲಿ." ಅವಳ ಬಾಯಿ ಸ್ವಲ್ಪ ಸೊಟ್ಟಗಾಯಿತು. "ಹೇಳ್ಲಿಲ್ಲ ನೀನು. ಕಣ್ಣು ಹೋದದ್ದಕ್ಕೆ ನಾನು ಅಷ್ಟು ಅಳ್ಲಿಲ್ಲ."

ಕ್ಷಮಿಸು ಎನ್ನಬೇಕೆಂದು ಅವನು ಬಾಯಿ ತೆರೆದ. ಆ ಪದ ಬಸ್ಸಿನಲ್ಲಿ ಕಾಲು ತುಳಿದವರು ಹೇಳುವ ಪದದಂತೆ ಕೇಳಿಸೀತು ಎನ್ನಿಸಿ ಮುಚ್ಚಿದ. ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು. ಎರಡೂ ಕಣ್ಣಿರುವವನು ಇವಳೆದುರು ಕೂತು ಎರಡೂ ಕಣ್ಣಲ್ಲಿ ಅಳುವುದು ಯಾವ ನ್ಯಾಯ ಎಂದುಕೊಂಡ. ಆದರೂ ಅತ್ತ. ಅಕ್ಕ ಸಮಾಧಾನ ಮಾಡಲಿಲ್ಲ, ತಡೆಯಲೂ ಇಲ್ಲ. ಮೇಜಿನ ಮೇಲಿದ್ದ ಬಣ್ಣದ ಬಟ್ಟಲುಗಳ ಮುಚ್ಚಳಗಳನ್ನು ಒಂದೊಂದಾಗಿ ಸರಿಮಾಡುತ್ತ ಕೂತಳು. ಆಮೇಲೆ ಕೇಳಿದಳು, "ಆ ಚಿತ್ರ ಏನಾಯ್ತು?"

"ಸುಟ್ಟೆ."

"ಸುಟ್ಯಾ?" ಅಕ್ಕನ ದನಿ ಮೊದಲ ಸಲ ಏರಿತು. ಕೈವಾರ ಎಸೆದವನೆಂದು ಒಪ್ಪಿಕೊಂಡಾಗಲೂ ಇಷ್ಟು ಏರಿರಲಿಲ್ಲ. "ಮನೆಯೆಲ್ಲ ಹುಡುಕಿದ್ದೆ ಕಣೋ. ಅಟ್ಟದ ಪೆಟ್ಟಿಗೆವರೆಗೂ ಹುಡುಕಿದ್ದೆ. ಅಪ್ಪ ಫೋಟೋ ತೆಗೆಸಿದ್ದು ಆಮೇಲೆ, ಎಲ್ಲದರಲ್ಲೂ ನನ್ನದು ಒಂದು ಕಣ್ಣು. ಎರಡೂ ಇದ್ದದ್ದು ಅದೊಂದರಲ್ಲಿ. ಚೆನ್ನಾಗಿರ್ಲಿಲ್ಲ ಬಿಡು, ಗಡಿಯಾರದ ಹಾಗಿತ್ತು. ಆದ್ರೂ ಎರಡು ಇತ್ತು."

ಇದು ಅವನಿಗೆ ಹೊಳೆದೇ ಇರಲಿಲ್ಲ. ನಲವತ್ತೇಳು ವರ್ಷ ತನ್ನ ತಪ್ಪನ್ನು ಹಗಲಿರುಳು ಮಗುಚಿ ಮಗುಚಿ ನೋಡಿದವನು ಅದರೊಳಗೆ ಅಕ್ಕನದೂ ಒಂದು ಲೋಕ ಇದ್ದೀತೆಂದು, ಅವಳು ಅಟ್ಟ ಹತ್ತಿ ಧೂಳಿನ ಪೆಟ್ಟಿಗೆಗಳಲ್ಲಿ ಒಂದು ಹಾಳೆಗಾಗಿ ಹುಡುಕಾಡಿದ್ದಾಳೆಂದು ಒಮ್ಮೆಯೂ ಯೋಚಿಸಿರಲಿಲ್ಲ. ತಪ್ಪನ್ನೂ ತಾನೊಬ್ಬನೇ ಇಟ್ಟುಕೊಂಡಿದ್ದ, ಜಿಪುಣನ ಹಾಗೆ. ಅವನು ಐದು ಕಾರ್ಡುಗಳಲ್ಲಿ ಮೊದಲನೆಯದನ್ನು ಮಗುಚಿ ಹಿಂಬದಿಯ ಖಾಲಿ ಜಾಗ ನೋಡಿದ, ಸಾಲದೆನಿಸಿ ಡ್ರಾಯರಿನಿಂದ ದಪ್ಪ ಹಾಳೆ ತೆಗೆದ. ಪೆನ್ಸಿಲ್ ಹುಡುಕುವುದೇ ಕಷ್ಟವಾಯಿತು. ಸಿಕ್ಕಿತು. "ಮುಖ ಬರೆಯೋಕೆ ನನಗೆ ಬರಲ್ಲ ಅಕ್ಕ" ಎಂದ.

"ಆಗ್ಲೂ ಬರ್ತಿರ್ಲಿಲ್ಲ. ಬರಿ."

ಬರೆದ. ಮೊದಲು ಕಣ್ಣು, ಕೈಗೆ ಗೊತ್ತಿದ್ದದ್ದು ಅದೊಂದೇ. ಎಡಗಣ್ಣನ್ನು ಎದುರಿದ್ದಂತೆ ಬರೆದ. ರೆಪ್ಪೆಯ ಅಂಚಿನ ಸಡಿಲ ಚರ್ಮ, ವಯಸ್ಸಾದ ಕಣ್ಣಿಗೆ ಬರುವ ತೆಳು ಬೂದು ಬಳೆ. ಬಲಗಣ್ಣಿಗೆ ಬಂದಾಗ ಚಿಪ್ಪನ್ನು ನೋಡಿ ಬರೆಯಲಿಲ್ಲ. ಎಡಗಣ್ಣಿಗೆ ಒಡಹುಟ್ಟು ಇದ್ದಿದ್ದರೆ ಈ ಅರವತ್ತನೆಯ ವಯಸ್ಸಿನಲ್ಲಿ ಹೇಗಿರುತ್ತಿತ್ತೋ ಹಾಗೆ ಬರೆದ. ಆಮೇಲೆ ಮೂಗು ಬಂತು, ದಾರಿ ತಪ್ಪಿತು. ಬಾಯಿ ಎಲ್ಲೋ ಶುರುವಾಗಿ ಎಲ್ಲೋ ಮುಗಿಯಿತು. ಗಲ್ಲ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಮುಖ ಎಂದರೆ ಅಳತೆ ಅಲ್ಲ, ಎಲ್ಲ ಒಟ್ಟಿಗೆ ಅಲ್ಲಾಡುತ್ತಿರುತ್ತದೆ. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ಎಷ್ಟೋ ವರ್ಷದ ಮೇಲೆ ಅವನಿಗೆ ಅಕ್ಕನ ಬಾಯಿಯ ಪಕ್ಕದ ಗೆರೆಗಳು ಕಂಡವು, ಕಿವಿಯ ಹತ್ತಿರದ ನರೆ, ಹೆಡ್‌ಫೋನ್ ಒತ್ತಿ ಒತ್ತಿ ತಲೆಯ ಒಂದು ಕಡೆ ತೆಳುವಾದ ಕೂದಲು. ಇದನ್ನೆಲ್ಲ ತಾನು ನೋಡಿಯೇ ಇರಲಿಲ್ಲ ಎಂದು ದುಃಖವಾಯಿತು. ಬೆವರಿದ ಬೆರಳಿನಲ್ಲಿ ಪೆನ್ಸಿಲ್ ಜಾರುತ್ತಿತ್ತು, ಒರೆಸಿಕೊಂಡು ಮತ್ತೆ ಬರೆದ.

ಕಾಯುವ ತಾಳ್ಮೆ ಮುಗಿದು ಅಕ್ಕ ಕುರ್ಚಿಯಿಂದ ಮುಂದಕ್ಕೆ ಬಾಗಿ ಹಾಳೆ ನೋಡಿದಳು. "ಇದು ನಾನಾ?" ಎಂದಳು. ನಗು ಅವಳ ಹೊಟ್ಟೆಯಿಂದ ಹೊರಟು ಭುಜಕ್ಕೆ ಬಂತು. "ಕಣ್ಣೆರಡು ಬಿಟ್ರೆ ಮಿಕ್ಕಿದ್ದೆಲ್ಲ ನಿನ್ನ ಕೆಳಗಿನ ವಾರ್ಡಿನ ಮೀನೇ!" ಅವನು ತಲೆಯೆತ್ತಿದ. ಪೆನ್ಸಿಲ್ ಅವನ ಕೈಯಲ್ಲಿತ್ತು, ಮೊನೆ ಮೇಲಕ್ಕೆ, ಅವಳ ಮುಖದಿಂದ ಒಂದು ಗೇಣಿಗೂ ಕಡಿಮೆ ದೂರದಲ್ಲಿ. ಅವಳು ನಗುತ್ತಲೇ ಇದ್ದಳು. ಪಾಪೆ ಇದ್ದಂತೆಯೇ ಇತ್ತು, ಚಿಕ್ಕದಾಗಿ, ಸಿಸ್ಟರ್ ಬರೆದುಕೊಂಡಷ್ಟೇ. ಅವನು ಸ್ಕೇಲು ಹಿಡಿಯಲಿಲ್ಲ.

"ಹೆಸರು ಹಾಕು ಇದಕ್ಕೆ" ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ.

"ನಾನು ಯಾವುದಕ್ಕೂ ಹೆಸರು ಹಾಕಲ್ಲ. ನಮ್ಮ ಕೆಲಸದಲ್ಲಿ ಹಾಕೋ ಹಾಗಿಲ್ಲ."

"ನನಗದೆಲ್ಲ ಗೊತ್ತಿಲ್ಲ. ಯಾರು ಮಾಡಿದ್ದು ಅಂತ ಕೇಳಿದವ್ರಿಗೆಲ್ಲ ಇಷ್ಟು ವರ್ಷ ನಾನೇ ಮಾಡ್ಕೊಂಡದ್ದು ಅಂತ ಹೇಳಿ ಹೇಳಿ ಸಾಕಾಗಿದೆ. ಇನ್ನು ಆಗಲ್ಲ. ಹಾಕು."

ಅವನು ಹಾಳೆಯ ಕೆಳಗಿನ ಮೂಲೆಯಲ್ಲಿ ತನ್ನ ಹೆಸರು ಬರೆದ, ಪೂರ್ತಿಯಾಗಿ, ತಂದೆಯ ಹೆಸರಿನ ಅಕ್ಷರವನ್ನೂ ಸೇರಿಸಿ. ಅಕ್ಕ ಅದನ್ನು ದೂರ ಹಿಡಿದು ಓದಿ, ಎರಡು ಮಡಿಕೆ ಮಾಡಿ, ವಾಪಸ್ ಬಂದ ಮೂರು ಫೋಟೋಗಳ ಜೊತೆ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕುರ್ಚಿಗೆ ಒರಗಿ, ಸಿಸ್ಟರಿಗೆ ಅರ್ಧ ಹೇಳಿದ್ದ ಸೊಸೆಯ ಸುದ್ದಿಯನ್ನು ಅವನಿಗೆ ಮೊದಲಿನಿಂದ ಹೇಳಲು ಶುರುಮಾಡಿದಳು. ಅವನು ಹೊಸ ಬಿಲ್ಲೆ ತೆಗೆದು ಕಂದು ಕಲಸಿದ, ಹಳದಿ ಸೇರಿಸಿದ, ಮೂರು ಗಂಟೆ ಹೊತ್ತಿಗೆ ಕಪ್ಪಿನ ಮುಚ್ಚಳ ತೆಗೆದ. ಅಷ್ಟರಲ್ಲಿ ಸುದ್ದಿ ಸೊಸೆಯಿಂದ ಭಾವನ ತಂಗಿಗೆ ಬಂದು ಬೈಗುಳಕ್ಕೆ ತಿರುಗಿತ್ತು. ಕೈ ಬೀಸಿ ಹೇಳುವ ಭರದಲ್ಲಿ ಅಕ್ಕನ ಮೊಣಕಾಲು ಅವನ ಮೊಣಕಾಲಿಗೆ ತಾಗಿ, ಬರೆಯುತ್ತಿದ್ದ ಚುಕ್ಕೆ ಕದಡಿಹೋಯಿತು. "ಅಯ್ಯೋ, ಅಲ್ಲಾಡಿಬಿಟ್ಟೆ" ಎಂದಳು. ಪರವಾಗಿಲ್ಲ ಎಂದು ಅವನು ಅದನ್ನು ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯತೊಡಗಿದ.